ಪೋರ್ಟ್ ವಿಲಾದಲ್ಲಿ ಹಡಗು ತಪ್ಪಿದ ದಿನ: ಗಡಿಯಾರದ ವಿಷಯದಲ್ಲಿ ಒಂದು ಎಚ್ಚರಿಕೆ

2023ರ ಜುಲೈ ತಿಂಗಳ ಒಂದು ಸಂಜೆ, ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದ ಧಕ್ಕೆಯ ಮೇಲೆ ನಿಂತು, ನಾವು ಪ್ರಯಾಣಿಸುತ್ತಿದ್ದ ಹಡಗು ನಮ್ಮನ್ನು ಬಿಟ್ಟು ಹೊರಡುವುದನ್ನು ನಾನೂ ನನ್ನ ಪತಿಯೂ ಕಣ್ಣಾರೆ ಕಂಡೆವು. ಮಂಡಿನೋವಿನಿಂದಾಗಿ ಆ ದಿನ ದಡಕ್ಕೆ ಇಳಿಯದೆ ಉಳಿದಿದ್ದ ನನ್ನ 68 ವರ್ಷದ ತಾಯಿ ಹಡಗಿನೊಳಗೆ ಒಬ್ಬರೇ ಇದ್ದರು. ನಮ್ಮನ್ನು ಯಾರೂ ಮೋಸಗೊಳಿಸಿರಲಿಲ್ಲ, ವಾಹನವೂ ಕೆಟ್ಟಿರಲಿಲ್ಲ. ಒಂದು ಗಂಟೆಯ ಲೆಕ್ಕ ತಪ್ಪಿತ್ತು, ಅಷ್ಟೆ. ಸಿಡ್ನಿಯಿಂದ ಈ ದ್ವೀಪಗಳಿಗೆ ಹಡಗಿನಲ್ಲಿ ಹೋಗುವ ನಮ್ಮವರು ಈಗ ಹೆಚ್ಚುತ್ತಿರುವುದರಿಂದ, ಆ ಲೆಕ್ಕ ಹೇಗೆ ತಪ್ಪಿತೆಂಬುದನ್ನು ನಾಚಿಕೆ ಬಿಟ್ಟು ವಿವರವಾಗಿ ಬರೆಯುತ್ತಿದ್ದೇನೆ.

ವನುವಾಟುವಿನ ಸಮಯ ವರ್ಷವಿಡೀ ಗ್ರೀನಿಚ್ ಸಮಯಕ್ಕಿಂತ 11 ಗಂಟೆ ಮುಂದೆ ಇರುತ್ತದೆ. ಸಿಡ್ನಿಯದು ಹಾಗಲ್ಲ, ಅಕ್ಟೋಬರ್‌ನಿಂದ ಏಪ್ರಿಲ್ ಆರಂಭದವರೆಗೆ 11 ಗಂಟೆ, ಉಳಿದ ತಿಂಗಳುಗಳಲ್ಲಿ 10 ಗಂಟೆ. ಆದುದರಿಂದ ಸಿಡ್ನಿಯ ಬೇಸಿಗೆ ರಜೆಯಲ್ಲಿ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಹೋದವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ, ಜುಲೈನಂಥ ಅಲ್ಲಿನ ಚಳಿಗಾಲದಲ್ಲಿ ಹೋದವರಿಗೆ ಮಾತ್ರ ಒಂದು ಗಂಟೆಯ ಅಂತರವಿರುತ್ತದೆ. ಜನವರಿಯಲ್ಲಿ ಹೋಗಿ ಬಂದಿದ್ದ ಸ್ನೇಹಿತರೊಬ್ಬರು "ಟೈಮ್ ಗೀಮ್ ಏನೂ ಬದಲಾಗಲ್ಲ ಬಿಡಿ" ಎಂದು ನಮಗೆ ಧೈರ್ಯ ಹೇಳಿದ್ದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಹೊರಟ ಎರಡನೆಯ ರಾತ್ರಿ, ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕೆಂದು ಹಡಗಿನಲ್ಲಿ ಪ್ರಕಟಣೆಯಾಯಿತು. ಸಮುದ್ರದ ನಡುವೆ ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿಯೇ ಸೇರಿಕೊಂಡು ಬಿಲ್ ಏರಬಾರದೆಂದು ನಾವಿಬ್ಬರೂ ನಮ್ಮ ಫೋನುಗಳನ್ನು ಸಿಡ್ನಿಯಲ್ಲೇ ಫ್ಲೈಟ್ ಮೋಡ್‌ಗೆ ಹಾಕಿದ್ದೆವು. ಹೀಗಾಗಿ ಅವು ಸಿಡ್ನಿಯ ಸಮಯವನ್ನೇ ತೋರಿಸುತ್ತಿದ್ದವು. ನಾವು ಮನಸ್ಸಿನಲ್ಲೇ ಒಂದು ಗಂಟೆ ಕೂಡಿಸಿಕೊಳ್ಳುತ್ತಿದ್ದೆವು, ದಾರಿಯ ಇನ್ನೊಂದು ನಿಲುಗಡೆಯಾದ, ನ್ಯೂ ಕ್ಯಾಲೆಡೋನಿಯಾದ ನೌಮಿಯಾದಲ್ಲಿ ಹಾಗೆಯೇ ಒಂದು ದಿನ ಕಳೆದು ಸಕಾಲಕ್ಕೆ ಹಿಂತಿರುಗಿದ್ದೆವು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸಮಯವನ್ನು ನಾವೇ ಬದಲಾಯಿಸಬಹುದಿತ್ತು. ಅರ್ಧ ನಿಮಿಷದ ಆ ಕೆಲಸವನ್ನು ಮಾಡದಿದ್ದುದೇ ಮೊದಲ ತಪ್ಪು.

ಪೋರ್ಟ್ ವಿಲಾದಲ್ಲಿ ಎಲ್ಲರೂ 4.30ರೊಳಗೆ ಹಡಗು ಹತ್ತಬೇಕಿತ್ತು, 5 ಗಂಟೆಗೆ ಹಡಗು ಹೊರಡುವುದಿತ್ತು. ಧಕ್ಕೆಯ ಗೇಟಿನ ಹೊರಗೆ ಸಾಲಾಗಿ ನಿಂತಿದ್ದ, ನಂಬರ್ ಪ್ಲೇಟಿನಲ್ಲಿ ಕೆಂಪು 'ಬಿ' ಅಕ್ಷರವಿರುವ ಮಿನಿಬಸ್ಸುಗಳಲ್ಲಿ ಒಂದನ್ನು ದಿನಕ್ಕೆಂದು ಗೊತ್ತುಮಾಡಿಕೊಂಡೆವು. ಹಡಗಿನವರ ಪ್ರವಾಸಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಖರ್ಚು. ಮಧ್ಯಾಹ್ನ ಊಟಕ್ಕೆ ಕುಳಿತ ಹೋಟೆಲಿನಲ್ಲಿ ವೈಫೈ ಸಿಕ್ಕಿತು. ಪತಿಯ ಫೋನಿನಲ್ಲಿ ಹವಾಮಾನದ ಚಿತ್ರ ಬದಲಾಗಿ 'ಪೋರ್ಟ್ ವಿಲಾ' ಎಂಬ ಹೆಸರು ಬಂದದ್ದೇ ತಡ, "ನೋಡು, ಫೋನು ತಾನೇ ಸರಿಮಾಡ್ಕೊಂಡಿದೆ, ಇನ್ನು ಕೂಡ್ಸೋ ತಾಪತ್ರಯ ಇಲ್ಲ" ಎಂದರು. ನಾನೂ ಹೌದೆಂದೆ. ಹವಾಮಾನದ ಮಾಹಿತಿ ವೈಫೈ ಮೂಲಕ ಬಂದಿತ್ತು, ಗಡಿಯಾರ ಮಾತ್ರ ಬದಲಾಗಿರಲಿಲ್ಲ. ನಮ್ಮ ಫೋನು ಸ್ಥಳೀಯ ಸಮಯವನ್ನು ಪಡೆಯುತ್ತಿದ್ದುದು ಮೊಬೈಲ್ ಟವರಿನ ಸಂಕೇತದಿಂದ. ಫ್ಲೈಟ್ ಮೋಡ್‌ನಲ್ಲಿ ಆ ಸಂಕೇತ ಬರುವ ದಾರಿಯೇ ಇರಲಿಲ್ಲ. ಆ ಕ್ಷಣದಿಂದ ನಾವು ಒಂದು ಗಂಟೆ ಹಿಂದೆ ಉಳಿದೆವು.

ಊಟವಾದ ಮೇಲೆ ಮೆಲೆ ಜಲಪಾತಕ್ಕೆ ಹೋದೆವು. ಹಸಿರು ನೀಲಿ ಬಣ್ಣದ ನೀರಿನ ಕೊಳಗಳು ಒಂದರ ಮೇಲೊಂದರಂತೆ ಇರುವ ಆ ಜಾಗದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಬಿಸಿಲು ಕೆಂಪಾಗುತ್ತಿದ್ದುದನ್ನು ನಾನು ಗಮನಿಸಿದ್ದೆ, ಚಳಿಗಾಲವಲ್ಲವೇ ಎಂದು ಸುಮ್ಮನಾದೆ. ಚಾಲಕ ಎರಡು ಬಾರಿ ಮಣಿಕಟ್ಟನ್ನು ತೋರಿಸಿ "ಶಿಪ್ ಟೈಮ್?" ಎಂದು ಕೇಳಿದ. ಪತಿ ಫೋನೆತ್ತಿ 3.05 ಎಂದು ತೋರಿಸಿದರು. ಆತ ತಲೆಯಾಡಿಸಿ ಸುಮ್ಮನಾದ. ಸಿಡ್ನಿಯ ಸಮಯವನ್ನೇ ಇಟ್ಟುಕೊಂಡು ಬರುವ ಹಡಗುಗಳೂ ಉಂಟಂತೆ, ನಮ್ಮದೂ ಅಂಥದ್ದೇ ಎಂದು ಆತ ಭಾವಿಸಿದ್ದನೆಂಬುದು ಆಮೇಲೆ ತಿಳಿಯಿತು.

ಮೆಲೆಯಿಂದ ಧಕ್ಕೆಗೆ ಬರಬೇಕಾದರೆ ಪೇಟೆಯ ಮುಖ್ಯ ರಸ್ತೆಯನ್ನೇ ದಾಟಬೇಕು, ಸಂಜೆ ಅಲ್ಲಿ ವಾಹನಗಳು ತೆವಳುತ್ತವೆ. (2024ರ ಡಿಸೆಂಬರ್ 17ರ 7.3 ತೀವ್ರತೆಯ ಭೂಕಂಪದಲ್ಲಿ ಧಕ್ಕೆಯ ರಸ್ತೆಗೇ ಗುಡ್ಡ ಕುಸಿದಿತ್ತು. ಈಗ ಹೋಗುವವರು ಇನ್ನಷ್ಟು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.) ನಾವು ಗೇಟಿನ ಬಳಿ ಇಳಿದಾಗ ಫೋನಿನಲ್ಲಿ 3.50. ಬೆಳಿಗ್ಗೆ ಲುಂಗಿ, ಸರಗಳನ್ನು ಮಾರುತ್ತಿದ್ದ ಹೆಂಗಸರು ಗಂಟು ಕಟ್ಟಿಕೊಂಡು ಹೋಗಿಯಾಗಿತ್ತು. ಹಡಗಿನ ಏಣಿಯನ್ನು ಎತ್ತಿದ್ದರು, ಒಬ್ಬಾತ ಕಟ್ಟೆಯ ಗೂಟದಿಂದ ಹಗ್ಗ ಬಿಚ್ಚುತ್ತಿದ್ದ.

ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಅದು ಕಾಯುವುದಿಲ್ಲ, ಮುಂದಿನ ಖರ್ಚೆಲ್ಲವೂ ಅವರದೇ. ಧಕ್ಕೆಯಲ್ಲಿದ್ದ ಬಂದರು ಏಜೆಂಟ್ (ಹಡಗಿನವರ ಸ್ಥಳೀಯ ಪ್ರತಿನಿಧಿ) ನಮ್ಮ ಹೆಸರು ಕೇಳಿ ಒಂದು ಲಕೋಟೆ ಕೊಟ್ಟರು, ಅದರಲ್ಲಿ ನಮ್ಮ ಪಾಸ್‌ಪೋರ್ಟುಗಳಿದ್ದವು. ಪ್ರಯಾಣಿಕರು ಬಾರದಿದ್ದರೆ ಕೋಣೆಯ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ದಡಕ್ಕೆ ಕಳುಹಿಸುವ ಪದ್ಧತಿಯಿದೆ. ಅಪರಿಚಿತರು ಕೋಣೆಗೆ ಬಂದು ತಿಜೋರಿ ತೆರೆಯಹೊರಟಾಗ ಅಮ್ಮ ಅಡ್ಡ ನಿಂತರಂತೆ. ಕೊನೆಗೆ ಹಡಗಿನವರು ಏಜೆಂಟರ ಮೊಬೈಲಿಗೆ ಕರೆ ಮಾಡಿ ಅಮ್ಮನೊಡನೆ ನಮ್ಮನ್ನು ಮಾತನಾಡಿಸಿದರು. ಅತ್ತಾರೆಂದು ನಾನು ಹೆದರಿದ್ದೆ. "ಗಂಟೆ ಎಷ್ಟು ಅಂತ ನೋಡ್ಕೊಳ್ಳೋಕೆ ಆಗ್ಲಿಲ್ವೇನೇ ನಿಮಗೆ?" ಎಂದಷ್ಟೇ ಕೇಳಿದರು.

ಹಡಗಿನ ಮುಂದಿನ ನಿಲುಗಡೆ ಮಿಸ್ಟರಿ ದ್ವೀಪ, ಜನವಸತಿಯಿಲ್ಲದ ಪುಟ್ಟ ಜಾಗ; ಮರುದಿನದೊಳಗೆ ಅಲ್ಲಿಗೆ ತಲುಪುವುದು ಆಗದ ಮಾತೆಂದು ಏಜೆಂಟ್ ಹೇಳಿದರು. ಎರಡು ರಾತ್ರಿ ಹೋಟೆಲಿನಲ್ಲಿದ್ದು ಸಿಡ್ನಿಗೆ ವಿಮಾನದಲ್ಲಿ ಮರಳಿದೆವು. ಎಲ್ಲ ಸೇರಿ 2,300 ಡಾಲರಿಗೂ ಹೆಚ್ಚು ಕೈಬಿಟ್ಟಿತು. ನಮ್ಮದೇ ಅಜಾಗರೂಕತೆಯಿಂದ ಹಡಗು ತಪ್ಪಿದ್ದರಿಂದ ವಿಮೆಯಿಂದ ಒಂದು ಡಾಲರೂ ಬರಲಿಲ್ಲ. ಕೈಯಲ್ಲಿದ್ದುದು ಒದ್ದೆ ಟವೆಲು, ಅಲ್ಲಿನ ನಾಣ್ಯವಾದ ವಾಟುವಿನ ಸ್ವಲ್ಪ ನೋಟುಗಳು, ಒಂದು ಬ್ಯಾಂಕ್ ಕಾರ್ಡು. ಪತಿಯ ರಕ್ತದೊತ್ತಡದ ಮಾತ್ರೆಗಳು ಹಡಗಿನಲ್ಲಿದ್ದವು, ಕತ್ತಲಾದ ಮೇಲೆ ಔಷಧಿ ಅಂಗಡಿ ಹುಡುಕಿ ಅಲೆದದ್ದು ಬೇರೆ ಕಥೆ. ದಡಕ್ಕೆ ಇಳಿಯುವಾಗ ಎರಡು ದಿನದ ಮಾತ್ರೆ ಚೀಲದಲ್ಲಿರಲಿ. ಕೋಣೆಗೆ ತಂದುಕೊಡುವ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರು ಏಜೆಂಟರ ನಂಬರೂ ಹಡಗು ಹತ್ತಬೇಕಾದ ಸಮಯವೂ ಇರುತ್ತವೆ, ಅದರ ಫೋಟೋ ತೆಗೆದುಕೊಳ್ಳಿ; ನಮ್ಮ ಹಾಳೆ ಹಾಸಿಗೆಯ ಮೇಲೆಯೇ ಉಳಿದಿತ್ತು. ಇಳಿಯುವ ಬಾಗಿಲಲ್ಲಿರುವ ಸಿಬ್ಬಂದಿಯ ಗಡಿಯಾರಕ್ಕೆ ಸರಿಯಾಗಿ ಒಂದು ಸಾಮಾನ್ಯ ಕೈಗಡಿಯಾರವನ್ನು ಹೊಂದಿಸಿ ಕಟ್ಟಿಕೊಂಡರೆ, ಫೋನನ್ನು ನಂಬುವ ಪ್ರಶ್ನೆಯೇ ಬರುವುದಿಲ್ಲ.

ಅಂಥ ಗಡಿಯಾರ ನಮ್ಮ ಕೋಣೆಯಲ್ಲೇ ಇತ್ತು. ಎರಡನೆಯ ರಾತ್ರಿಯ ಪ್ರಕಟಣೆಯನ್ನು ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಅಮ್ಮ ತಮ್ಮ ಹಳೆಯ ಎಚ್‌ಎಂಟಿ ವಾಚಿನ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿದ್ದರು. ಹಡಗು ತಪ್ಪಿದ ನಾಲ್ಕು ದಿನಗಳ ನಂತರ ಸಿಡ್ನಿಯ ಬಂದರುಕಟ್ಟೆ ಸರ್ಕ್ಯುಲರ್ ಕೀಯಲ್ಲಿ ಅವರನ್ನು ಎದುರುಗೊಂಡಾಗ ಅದು ಇನ್ನೂ ಒಂದು ಗಂಟೆ ಮುಂದೆಯೇ ಓಡುತ್ತಿತ್ತು. ಹಿಂದಕ್ಕೆ ತಿರುಗಿಸಬೇಕೆಂದು ಕನ್ನಡದಲ್ಲಿ ಹೇಳಲು ಹಡಗಿನಲ್ಲಿ ಯಾರೂ ಇರಲಿಲ್ಲ. ಇಳಿಯುವ ಬಾಗಿಲಲ್ಲಿ ಅವರು ಒಂದು ಗಂಟೆ ಮೊದಲೇ ಬಂದು ಕುಳಿತಿದ್ದರಂತೆ, ಮೂವರ ಸಾಮಾನನ್ನೂ ಕಟ್ಟಿಸಿಕೊಂಡು.