ದುಡ್ಡಿಲ್ಲದ ಬ್ಯಾಟ್‌ಮ್ಯಾನ್, ನರಕದಲ್ಲಿ ಬೆಳೆದ ವಂಡರ್ ವುಮನ್: ಡಿಸಿಯ ಆಬ್ಸಲ್ಯೂಟ್ ಸರಣಿಯಲ್ಲಿ ಯಾವುದನ್ನು ಕೊಳ್ಳಬೇಕು?

ಆನ್‌ಲೈನ್ ಅಂಗಡಿಯಲ್ಲಿ ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಅಂತ ಹುಡುಕಿದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜಾತಿಯ ಪುಸ್ತಕಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದು, ಅಮೆರಿಕದ ಕಾಮಿಕ್ಸ್ ಪ್ರಕಾಶಕ ಸಂಸ್ಥೆ ಡಿಸಿ ಬಹಳ ವರ್ಷಗಳಿಂದ ತರುತ್ತಿರುವ ‘ಆಬ್ಸಲ್ಯೂಟ್ ಎಡಿಷನ್’. ಹೆಸರಾಂತ ಹಳೆಯ ಕತೆಗಳನ್ನು ಸುಮಾರು 8 ಇಂಚು ಅಗಲ, 12 ಇಂಚು ಎತ್ತರಕ್ಕೆ ಹಿಗ್ಗಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುವ ದುಬಾರಿ ಸರಕು ಅದು. ಇನ್ನೊಂದು, 2024ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ಕತೆಗಳ ಸರಣಿ, ಮಾಮೂಲಿ ಕಾಮಿಕ್ಸ್ ಅಳತೆಯದು. ಇಲ್ಲಿ ಮಾತು ಎರಡನೆಯದರ ಬಗ್ಗೆ. ಎರಡೂ ಕಲಸಿಹೋಗದಿರಲು ಉಪಶೀರ್ಷಿಕೆ ನೋಡಿ: ಬ್ಯಾಟ್‌ಮ್ಯಾನ್ ಮೊದಲ ಸಂಪುಟ ‘ದಿ ಝೂ’, ವಂಡರ್ ವುಮನ್‌ನದು ‘ದಿ ಲಾಸ್ಟ್ ಅಮೆಜಾನ್’, ಸೂಪರ್‌ಮ್ಯಾನ್‌ನದು ‘ಲಾಸ್ಟ್ ಡಸ್ಟ್ ಆಫ್ ಕ್ರಿಪ್ಟಾನ್’. ಬೆಲೆ ಹಲವು ಸಾವಿರ ತೋರಿಸುತ್ತಿದ್ದರೆ ನೀವು ನೋಡುತ್ತಿರುವುದು ಮೊದಲ ಜಾತಿಯನ್ನು.

ಸರಣಿಯ ಲೆಕ್ಕಾಚಾರ ಸರಳ. ಪ್ರತಿ ನಾಯಕನಿಂದಲೂ ಅವನ ಆಸರೆಯನ್ನು ಕಿತ್ತುಕೊಳ್ಳುವುದು. ಬ್ಯಾಟ್‌ಮ್ಯಾನ್, ಅಂದರೆ ಬ್ರೂಸ್ ವೇಯ್ನ್‌ಗೆ ಆಸ್ತಿಯಿಲ್ಲ, ಬಂಗಲೆಯಿಲ್ಲ, ಆಲ್ಫ್ರೆಡ್ ಮನೆಯಾಳಲ್ಲ. ವಂಡರ್ ವುಮನ್, ಅಂದರೆ ಡಯಾನಾಗೆ ಹುಟ್ಟಿದ ದ್ವೀಪವೂ ಇಲ್ಲ, ಅಕ್ಕತಂಗಿಯರೂ ಇಲ್ಲ. ಸೂಪರ್‌ಮ್ಯಾನ್, ಅಂದರೆ ಕಾಲ್-ಎಲ್‌ನನ್ನು ಎತ್ತಿ ಸಾಕಿದ ಹಳ್ಳಿಯ ಮನೆಯಿಲ್ಲ. ಹೀಗೆ ಕಿತ್ತ ಮೇಲೆ ಏನು ಉಳಿಯುತ್ತದೆ ಎನ್ನುವುದೇ ಕತೆ. ಕೇಳಲು ಚೆನ್ನಾಗಿದೆ. ಆದರೆ ‘ಹೊಸಬರು ಇಲ್ಲಿಂದ ಶುರುಮಾಡಿ’ ಎಂದು ಪ್ರಕಾಶಕರು ಹೇಳಿದ ಕಾಮಿಕ್ಸ್‌ಗಳಲ್ಲಿ ಮುಕ್ಕಾಲುಪಾಲು ಹಳಬರಿಗೇ ಬರೆದಂತಿರುತ್ತವೆ. ಹಾಗಾಗಿ ಈ ಸಂಪುಟಗಳನ್ನು ತೂಗಬೇಕಾದ ತಕ್ಕಡಿ ಒಂದೇ: ಹಿಂದಿನದು ಏನೂ ಗೊತ್ತಿಲ್ಲದವರಿಗೆ ಇದು ತಾನಾಗಿಯೇ ಅರ್ಥವಾಗುತ್ತದೆಯೇ? ಸರಣಿಗೆ ಪೀಠಿಕೆಯಾಗಿ ‘ಡಿಸಿ ಆಲ್ ಇನ್’ ಎಂಬ ವಿಶೇಷ ಸಂಚಿಕೆ ಬಂದಿದೆ. ಡಾರ್ಕ್‌ಸೈಡ್ ಎಂಬ ಖಳನಿಂದ ಈ ಲೋಕ ಹೇಗೆ ಹುಟ್ಟಿತು ಅಂತ ಅದರಲ್ಲಿದೆ. ಓದದೆ ಬಿಡಿ, ಏನೂ ಕಳೆದುಕೊಳ್ಳುವುದಿಲ್ಲ.

ಬ್ಯಾಟ್‌ಮ್ಯಾನ್‌ನಿಂದಲೇ ಶುರುಮಾಡೋಣ. ಕತೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟ, ಬಣ್ಣ ಫ್ರಾಂಕ್ ಮಾರ್ಟಿನ್. ಬ್ರೂಸ್‌ಗೆ 24 ವರ್ಷ, ಕೆಲಸ ಎಂಜಿನಿಯರಿಂಗ್. ಅಪ್ಪ ಥಾಮಸ್ ಮೇಷ್ಟ್ರು. ಮಕ್ಕಳನ್ನು ಪ್ರಾಣಿಸಂಗ್ರಹಾಲಯಕ್ಕೆ ಪ್ರವಾಸ ಕರೆದುಕೊಂಡು ಹೋದಾಗ ನಡೆದ ಗುಂಡಿನ ದಾಳಿಯಲ್ಲಿ ಸತ್ತವರು. ಅಮ್ಮ ಮಾರ್ತಾ ಬದುಕಿದ್ದಾರೆ, ನಗರದ ಆಡಳಿತದಲ್ಲಿದ್ದಾರೆ. ಈ ಒಂದು ಬದಲಾವಣೆ ಇಡೀ ಪುಸ್ತಕದ ಬೆನ್ನೆಲುಬು. ಅನಾಥನಲ್ಲದ ಬ್ಯಾಟ್‌ಮ್ಯಾನ್‌ಗೆ ಸುಳ್ಳು ಹೇಳಲು ಮನೆಯಲ್ಲೊಬ್ಬರು ಇದ್ದಾರೆ. ಮುಖವಾಡದ ಆಚೆಗೂ ಕಳೆದುಕೊಳ್ಳುವುದು ಇರುವಾಗ ಹೊಡೆದಾಟಗಳಿಗೆ ಬೇರೆಯೇ ಭಾರ ಬರುತ್ತದೆ.

ಎದೆಯ ಮೇಲಿನ ಬಾವಲಿ ಚಿಹ್ನೆಯನ್ನು ಹತ್ತಿರದಿಂದ ನೋಡಬೇಕು. ಮಾಮೂಲಿ ಬ್ಯಾಟ್‌ಮ್ಯಾನ್‌ನಲ್ಲಿ ಅದು ಬಟ್ಟೆಗೆ ಅಂಟಿಸಿದ ಗುರುತು. ಇಲ್ಲಿ ಅದು ಎದೆಯಗಲದ ಲೋಹದ ದಿಮ್ಮಿ, ರೆಕ್ಕೆಗಳು ಮೊಂಡು, ಅಂಚುಗಳು ಚಚ್ಚೌಕ. ಗಲಾಟೆ ಶುರುವಾದಾಗ ಅವನು ಅದನ್ನು ಎದೆಯಿಂದ ಕಳಚಿ ಹಿಡಿಕೆಗೆ ಸಿಕ್ಕಿಸಿಕೊಂಡರೆ ಅದೇ ಕೊಡಲಿ. ಮುಸುಕಿನ ಕಿವಿಗಳನ್ನು ಕಿತ್ತರೆ ಚಾಕು. ಬೆನ್ನ ಮೇಲಿನ ಬಟ್ಟೆ ಬಿಚ್ಚಿಕೊಂಡು ಹಗ್ಗಗಳಂತೆ ಚಾಚುತ್ತದೆ. ಹಣವಿರುವವನು ಬೆಲ್ಟಿನ ತುಂಬ ಸಾಮಾನು ತುಂಬಿಕೊಳ್ಳುತ್ತಾನೆ, ಹಣವಿಲ್ಲದ ಎಂಜಿನಿಯರ್ ಮೈಮೇಲಿರುವ ಪ್ರತಿ ಭಾಗಕ್ಕೂ ಎರಡು ಕೆಲಸ ಹಚ್ಚುತ್ತಾನೆ. ಈ ಮಾತನ್ನು ಪುಸ್ತಕದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚಿತ್ರವೇ ಹೇಳುತ್ತದೆ. ಡ್ರಗೋಟ ಈ ದೇಹವನ್ನು ಬಿಡಿಸುವ ರೀತಿಯೂ ಹಾಗೇ. ಭುಜ ಬಾಗಿಲಿನ ಚೌಕಟ್ಟು ಮೀರಿದೆ, ಕುತ್ತಿಗೆ ಇಲ್ಲವೇ ಇಲ್ಲ. ಸಣ್ಣ ಸಣ್ಣ ಚೌಕಗಳ ಪುಟ ಕಳೆದು ತಿರುವಿದ ಕೂಡಲೇ ಈ ಆಕೃತಿ ಎರಡು ಪುಟ ತುಂಬಿ ನಿಂತಿರುತ್ತದೆ. ಪುಟ ತಿರುಗಿಸುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಿಡಿಸಿದ ಕೆಲಸ.

ಕೊರತೆಗಳೂ ಇವೆ. ಕತೆಯನ್ನು ಆಲ್ಫ್ರೆಡ್ ಹೇಳುತ್ತಾನೆ. ಇಲ್ಲಿ ಅವನು ಬ್ರಿಟನ್ನಿನ ಗೂಢಚಾರ, ಈ ಹೊಸ ಬಾವಲಿ ಮನುಷ್ಯನ ಮೇಲೆ ಕಣ್ಣಿಟ್ಟವನು. ಹೊರಗಿನವನ ಕಣ್ಣಿನಿಂದ ತೋರಿಸುವ ಉಪಾಯ ಒಳ್ಳೆಯದೇ. ಆದರೆ ಸ್ನೈಡರ್‌ಗೆ ಮಾತು ಜಾಸ್ತಿ. ಚಿತ್ರ ಆಗಲೇ ಹೇಳಿದ್ದನ್ನು ಆಲ್ಫ್ರೆಡ್‌ನ ಮಾತಿರುವ ಡಬ್ಬಿಗಳು ಮತ್ತೊಮ್ಮೆ ಹೇಳುತ್ತವೆ. ನಡುವೆ 4ನೇ ಸಂಚಿಕೆಯನ್ನು ಬೇರೆ ಕಲಾವಿದ ಗೇಬ್ರಿಯೆಲ್ ಹೆರ್ನಾಂಡೆಸ್ ವಾಲ್ಟಾ ಬಿಡಿಸಿದ್ದಾರೆ. ಹಿಂದಿನ ಕತೆ ಹೇಳುವ ಭಾಗವಾದ್ದರಿಂದ ಅವರ ಮೆತ್ತನೆಯ ಗೆರೆ ಒಪ್ಪುತ್ತದೆ. ತಿಂಗಳಿಗೊಂದು ಓದುವಾಗ ಇದು ಸರಿ, ಸಂಪುಟದಲ್ಲಿ ಒಟ್ಟಿಗೆ ಓದುವಾಗ ಮಾತ್ರ ಓಡುತ್ತಿದ್ದ ಗಾಡಿಗೆ ಬ್ರೇಕ್ ಬಿದ್ದಂತಾಗುತ್ತದೆ. ಖಳನಾಯಕ ರೋಮನ್ ಸಯೋನಿಸ್ ಉರುಫ್ ಬ್ಲ್ಯಾಕ್ ಮಾಸ್ಕ್ ಸಾಧಾರಣ. ಅವನ ಗುಂಪಿನ ಮುಖವಾಡಗಳು ನೆನಪಿರುತ್ತವೆ, ಅವನು ನೆನಪಿರುವುದಿಲ್ಲ.

ಹೊಸಬರ ತಕ್ಕಡಿಯಲ್ಲಿ ಪುಸ್ತಕ ತೂಕ ಕಳೆದುಕೊಳ್ಳುವುದು ಬ್ರೂಸ್‌ನ ಬಾಲ್ಯದ ಗೆಳೆಯರ ಹತ್ತಿರ. ವೇಲನ್, ಆಸ್ವಾಲ್ಡ್, ಹಾರ್ವಿ, ಎಡ್ಡಿ, ಸೆಲೀನಾ. ಮೂಲ ಕತೆಗಳಲ್ಲಿ ಇವರೆಲ್ಲ ಮುಂದೆ ಬ್ಯಾಟ್‌ಮ್ಯಾನ್‌ಗೇ ಎದುರಾಳಿಗಳಾದವರು ಅಂತ ಬಲ್ಲವರಿಗೆ ಇವರು ಒಟ್ಟಿಗೆ ಕೂತು ಹರಟುವ ದೃಶ್ಯದಲ್ಲಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೊತ್ತಿಲ್ಲದವರಿಗೆ ಐದು ಹೆಸರು, ಅಷ್ಟೇ. ಆಮೇಲೆ ಆ ಗಾಡಿ. ಬ್ಯಾಟ್‌ಮೊಬೈಲ್ ಇಲ್ಲಿ ಗಣಿಯಲ್ಲಿ ಓಡಾಡುವ ಡಂಪರ್‌ನಂಥ ಭಾರೀ ಲಾರಿ. ಚಿತ್ರವಾಗಿ ಅದ್ಭುತ. ಆದರೆ ತಿಂಗಳ ಸಂಬಳದವನು ಅದನ್ನು ತಂದದ್ದು ಎಲ್ಲಿಂದ, ನಿಲ್ಲಿಸುವುದೆಲ್ಲಿ, ಡೀಸೆಲ್ ಯಾರಪ್ಪನದು? ಬಡವ ಎಂಬ ನಿಯಮ ಹಾಕಿಕೊಂಡದ್ದು ಅವರೇ, ಮುರಿದದ್ದೂ ಅವರೇ.

ಇನ್ನೊಂದು ಮಾತು ಹೆತ್ತವರಿಗೆ. ಕವರ್ ನೋಡಿ ಹತ್ತು ವರ್ಷದ ಮಕ್ಕಳಿಗೆ ಕೊಡಬೇಡಿ. ಕೈ ಕತ್ತರಿಸುವ ದೃಶ್ಯ ಮೊದಲ ಸಂಚಿಕೆಯಲ್ಲೇ ಇದೆ, ಶಾಲಾ ಮಕ್ಕಳ ಮೇಲಿನ ಗುಂಡಿನ ದಾಳಿಯೂ.

ಮೂರರಲ್ಲಿ ಮೇಲುಗೈ ವಂಡರ್ ವುಮನ್‌ದೇ. ಕೆಲ್ಲಿ ಥಾಂಪ್ಸನ್ ಬರೆದು, ಹೇಡನ್ ಶರ್ಮನ್ ಬಿಡಿಸಿ, ಜಾರ್ಡಿ ಬೆಲೇರ್ ಬಣ್ಣ ತುಂಬಿದ ಈ ಸರಣಿಗೆ 2025ರಲ್ಲಿ ಅತ್ಯುತ್ತಮ ಹೊಸ ಸರಣಿಗೆ ಕೊಡುವ ಐಸ್ನರ್ ಎಂಬ ಅಮೆರಿಕದ ಕಾಮಿಕ್ಸ್ ಪ್ರಶಸ್ತಿ ಬಂತು. ದೇವತೆಗಳ ಶಿಕ್ಷೆಗೆ ಒಳಗಾಗಿ ನರಕದಲ್ಲಿ ಬಿದ್ದಿರುವ ಮಾಟಗಾತಿ ಸರ್ಸೀಯ ಕೈಗೆ ಅಪೊಲೊ ಒಂದು ಹಸುಗೂಸನ್ನು ತಂದು ಕೊಟ್ಟು ಹೋಗುತ್ತಾನೆ. ಆ ಕೂಸಿನ ಕುಲ ಯಾವುದೆಂದು ಹೇಳಬೇಕಾದ ‘ಅಮೆಜಾನ್’ ಎಂಬ ಪದವನ್ನೇ ಉಚ್ಚರಿಸುವಂತಿಲ್ಲ. ಅಷ್ಟು ಸಾಕು, ಮುಂದಿನದು ಓದಿಯೇ ತಿಳಿಯಬೇಕು. ಈ ಕತೆಗೆ ಹಳೆಯ ಪರಿಚಯ ಬೇಡವೇ ಬೇಡ. ಬೇಡದ ಮಗುವನ್ನು ಸಾಕುತ್ತಾ ಸಾಕುತ್ತಾ ತಾಯಿಯಾಗುವ ಹೆಂಗಸಿನ ಕತೆ ನಮ್ಮ ಯಾವ ಅಜ್ಜಿಗೆ ಹೇಳಿದರೂ ಅರ್ಥವಾಗುತ್ತದೆ.

ಥಾಂಪ್ಸನ್ ಕತೆಯನ್ನು ಎರಡು ಎಳೆಯಲ್ಲಿ ನೇಯುತ್ತಾರೆ: ಗೇಟ್‌ವೇ ಸಿಟಿಯಲ್ಲಿ ಈಗ ನಡೆಯುವ ಯುದ್ಧ, ನರಕದಲ್ಲಿ ಆಗ ಕಳೆದ ಬಾಲ್ಯ. ಯುದ್ಧದಲ್ಲಿ ಡಯಾನಾ ಒಂದು ಮಂತ್ರವನ್ನೋ ಆಯುಧವನ್ನೋ ಹೊರತೆಗೆದರೆ ಅದು ಅವಳಿಗೆ ಹೇಗೆ ಸಿಕ್ಕಿತು ಅಂತ ಬಾಲ್ಯದ ಎಳೆ ಹೇಳುತ್ತದೆ. ಅವಳ ಒಂದು ತೋಳು ಸಹಜವಾದದ್ದಲ್ಲ ಅಂತ ಮೊದಲು ಕಣ್ಣಿಗೆ ಬೀಳುತ್ತದೆ. ಯಾಕೆ ಅಂತ ತಿಳಿಯುವ ಹೊತ್ತಿಗೆ ನೀವು ಅದನ್ನು ಬರೀ ಅಲಂಕಾರ ಅಂದುಕೊಂಡಿರುತ್ತೀರಿ, ಅದಕ್ಕೇ ಪೆಟ್ಟು ಜೋರಾಗಿ ಬೀಳುತ್ತದೆ. ಆಳೆತ್ತರದ ಖಡ್ಗ, ಎಲುಬಿನ ಹಂದರದ ರೆಕ್ಕೆಕುದುರೆ, ಎಲ್ಲವೂ ಭಯಂಕರ. ಇವುಗಳ ನಡುವೆ ಇರುವ ಹುಡುಗಿ ಮಾತ್ರ ಸೌಮ್ಯ. ಈ ವಿರೋಧವೇ ಪುಸ್ತಕದ ರುಚಿ.

ಶರ್ಮನ್ ಪುಟ ಕಟ್ಟುವ ಬಗೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಚೌಕಗಳು ಎಡದಿಂದ ಬಲಕ್ಕೆ ಶಿಸ್ತಾಗಿ ಸಾಲು ನಿಲ್ಲುವುದು ಇಲ್ಲಿ ಕಡಿಮೆ. ಪುಟದ ನಡುವೆ ಡಯಾನಾಳ ಆಕೃತಿ ನಿಂತರೆ ಸುತ್ತಲೂ ಸಣ್ಣ ತುಣುಕುಗಳು ಬಳೆಚೂರಿನಂತೆ ಹರಡಿಕೊಳ್ಳುತ್ತವೆ, ಕೆಲವು ಕಡೆ ಹಗ್ಗವೇ ಗಡಿಗೆರೆಯಾಗಿ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ. ಇದನ್ನು ಮೊಬೈಲಿನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸುವ ವಿಧಾನದಲ್ಲಿ ಓದಿದರೆ ಪುಟ ಚೂರುಚೂರಾಗಿ ಸತ್ತುಹೋಗುತ್ತದೆ. ಡಿಜಿಟಲ್ ಕೊಂಡವರು ಕನಿಷ್ಠ 10 ಇಂಚಿನ ಟ್ಯಾಬ್ಲೆಟ್‌ನಲ್ಲಿ ಇಡೀ ಪುಟ ನೋಡಿ, ಜೋಡಿಪುಟ ಬಂದಾಗ ಅಡ್ಡ ಹಿಡಿಯಿರಿ.

ಸೂಪರ್‌ಮ್ಯಾನ್ ನಿರಾಸೆ ತರುತ್ತದೆ, ಕೆಟ್ಟದ್ದೆಂದಲ್ಲ. ಜೇಸನ್ ಆರನ್ ಬರೆದ ಕತೆಯಲ್ಲಿ ಕಾಲ್-ಎಲ್ ಕ್ರಿಪ್ಟಾನ್ ಗ್ರಹದ ದುಡಿಯುವ ವರ್ಗದವನು, ಎದೆಯ ಚಿಹ್ನೆಯೂ ದುಡಿಮೆಯವರ ಗುರುತು. ಭೂಮಿಯಲ್ಲಿ ಲಾಜರಸ್ ಎಂಬ ಕಂಪನಿಯ ಕೈಗೆ ಸಿಕ್ಕ ಗಣಿಕಾರ್ಮಿಕರ ಪರ ನಿಲ್ಲುತ್ತಾನೆ. ರಾಫಾ ಸ್ಯಾಂಡೋವಲ್ ಬಿಡಿಸಿದ, ಕೆಂಪು ಧೂಳೇ ಹಿಂಬಟ್ಟೆಯಾಗಿ ಹಾರುವ ಚಿತ್ರ ಸೊಗಸು. ತೊಂದರೆ ಇರುವುದು ಕಾಲದ ಜಿಗಿತಗಳಲ್ಲಿ. ವಂಡರ್ ವುಮನ್‌ನ ಎರಡು ಎಳೆ ಒಂದಕ್ಕೊಂದು ಉತ್ತರ ಕೊಟ್ಟರೆ, ಇಲ್ಲಿ ಒಂದು ಇನ್ನೊಂದನ್ನು ತಡೆದು ನಿಲ್ಲಿಸುತ್ತದೆ. ಸಂಪುಟ ಮುಗಿದಾಗ ಪೀಠಿಕೆ ಓದಿದಂತಿರುತ್ತದೆ. ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

2025ರ ಮಾರ್ಚ್‌ನಲ್ಲಿ ಶುರುವಾದ ಮಾರ್ಷಿಯನ್ ಮ್ಯಾನ್‌ಹಂಟರ್ (ಡೆನಿಜ್ ಕ್ಯಾಂಪ್ ಬರೆದದ್ದು, ಹಾವಿಯೆರ್ ರೊಡ್ರೀಗೆಸ್ ಬಿಡಿಸಿದ್ದು) ಈ ಸಾಲಿನಲ್ಲಿ ತೀರಾ ಬೇರೆ. ಬಾಂಬ್ ದಾಳಿಯಲ್ಲಿ ಬದುಕುಳಿದ ಎಫ್‌ಬಿಐ ಅಧಿಕಾರಿಗೆ ಜನರ ಮನಸ್ಸು ಬಣ್ಣಬಣ್ಣದ ಹೊಗೆಯಾಗಿ ಕಾಣತೊಡಗುತ್ತದೆ. ಹೊಡೆದಾಟ ಬಯಸುವವರಿಗಲ್ಲ. ಬಣ್ಣವೇ ಕತೆ ಹೇಳುವುದನ್ನು ನೋಡಬೇಕೆನ್ನುವವರು ಇದನ್ನು ಬಿಡಬೇಡಿ.

ಇನ್ನು ಯಾವ ರೂಪದಲ್ಲಿ ಕೊಳ್ಳುವುದು? ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿ ಬೆಳೆದವರಿಗೆ ಒಂದು ಸಂಚಿಕೆ ಕೊಂಡರೆ ಒಂದು ಸಾಹಸ ಸಿಗುವ ಅಭ್ಯಾಸವಿದೆ. ಅಮೆರಿಕದ ಈಗಿನ ಬಿಡಿ ಸಂಚಿಕೆ ಹಾಗಲ್ಲ, ಅದು ಧಾರಾವಾಹಿಯ ಒಂದು ಕಂತು, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಖಬೆಲೆ 4.99 ಡಾಲರ್, ಆರು ಕೊಂಡರೆ ಸುಮಾರು 30 ಡಾಲರ್, ಮೇಲೆ ಸಾಗಣೆ. ‘ದಿ ಝೂ’ ಪೇಪರ್‌ಬ್ಯಾಕ್‌ನಲ್ಲಿ ಅದೇ ಆರೂ ಸಂಚಿಕೆ ಅದಕ್ಕಿಂತ ಅಗ್ಗಕ್ಕೆ ಬರುತ್ತವೆ. ಬಿಡಿ ಸಂಚಿಕೆಯೇ ಬೇಕೆನ್ನುವವರು ‘1:25’ ಎಂಬ ಗುರುತಿನ ಅರ್ಥ ತಿಳಿದಿರಲಿ: ಅಂಗಡಿಯವರು ಮಾಮೂಲಿ ಪ್ರತಿ 25 ತರಿಸಿದರೆ ಆ ಕವರಿನ ಒಂದು ಪ್ರತಿ ಸಿಗುತ್ತದೆ, ಹೆಚ್ಚಿನ ಬೆಲೆ ಅದಕ್ಕೆ. ಒಳಗಿನ ಪುಟಗಳಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ. ಬ್ಯಾಟ್‌ಮ್ಯಾನ್ ಮೊದಲ ಸಂಚಿಕೆ ಹಲವು ಸಲ ಮರುಮುದ್ರಣವಾಗಿದೆ. ಓದುವುದಕ್ಕಾದರೆ ಎಷ್ಟನೇ ಮುದ್ರಣವಾದರೂ ಒಂದೇ. ‘ಮೊದಲ ಮುದ್ರಣ’ ಅಂತ ಹೆಚ್ಚು ದುಡ್ಡು ಕೇಳಿದರೆ ಮಾತ್ರ ಕವರನ್ನೂ, ಒಳಗೆ ಸಣ್ಣಕ್ಷರದಲ್ಲಿರುವ ಪ್ರಕಾಶನದ ವಿವರವನ್ನೂ ನೋಡದೆ ಕೊಡಬೇಡಿ.

ಪೇಪರ್‌ಬ್ಯಾಕ್‌ನ ದೊಡ್ಡ ದೋಷ ನಡುಮಡಿಕೆ. ಬಿಡಿ ಸಂಚಿಕೆಗೆ ಎರಡು ಪಿನ್ನು, ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಗೋಂದಿನ ಬೈಂಡಿಂಗ್‌ನಲ್ಲಿ ಜೋಡಿಪುಟದ ನಡುವಿನ ಭಾಗ ಒಳಗೆ ನುಂಗಿಹೋಗುತ್ತದೆ, ಡ್ರಗೋಟನ ಬ್ಯಾಟ್‌ಮ್ಯಾನ್‌ಗೆ ಎದೆಯೇ ಮಾಯ. ಹಾರ್ಡ್‌ಕವರ್ ಕೊಂಡರೆ ಸರಿಹೋಗುತ್ತದೆ ಅಂತ ನಂಬಬೇಡಿ, ಅದರೊಳಗೂ ಗೋಂದೇ ಇರಬಹುದು. ಅಂಗಡಿಯಲ್ಲಿ ಪುಸ್ತಕವನ್ನು ನಿಲ್ಲಿಸಿ ಬೆನ್ನನ್ನು ಮೇಲಿಂದ ನೋಡಿ. ಪುಟಗಳು ಸಣ್ಣ ಸಣ್ಣ ಕಟ್ಟುಗಳಾಗಿ ಬಾಗಿ ಸೇರಿದ್ದರೆ ಹೊಲಿಗೆ, ಒಂದೇ ನೇರ ಅಂಚಾಗಿ ಕತ್ತರಿಸಿ ಅಂಟಿಸಿದಂತಿದ್ದರೆ ಗೋಂದು. ಗೋಂದಿನ ಹೊಸ ಪುಸ್ತಕವನ್ನು ನಡುವಿಗೆ ತೆರೆದು ಒತ್ತಬೇಡಿ, ಬೆನ್ನಿಗೆ ಬಿಳಿ ಗೆರೆ ಬಿದ್ದು ಪುಟ ಕಳಚಲು ಶುರುವಾಗುತ್ತದೆ. ಮುಂದಿನಿಂದ ಹತ್ತು ಪುಟ, ಹಿಂದಿನಿಂದ ಹತ್ತು ಪುಟ ಬಿಡಿಸಿ ಬೆರಳಿನಿಂದ ಮೆಲ್ಲಗೆ ಸವರುತ್ತಾ ನಡುವಿಗೆ ಬನ್ನಿ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಬಿಡಿ ಸಂಚಿಕೆ ಕೊಂಡರೆ ಮಳೆಗಾಲದ ಲೆಕ್ಕವನ್ನೂ ಹಾಕಬೇಕು. ಮೊದಲು ಹೋಗುವುದು ಪಿನ್ನು: ತೇವಕ್ಕೆ ತುಕ್ಕು ಹಿಡಿದು ನಡುಪುಟಗಳ ಮೇಲೆ ಕಂದು ಕಲೆ ಇಳಿಸುತ್ತದೆ. ಆಮೇಲೆ ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಹೋದರೆ ಬಣ್ಣ ಕಿತ್ತುಬರುತ್ತದೆ. ಆಮ್ಲವಿಲ್ಲದ ರಟ್ಟಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಿಲ್ಲಿಸಿ ಇಡಿ. ಮಳೆ ಸುರಿಯುವಾಗ ಚೀಲದ ಬಾಯಿ ಅಂಟಿಸಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ಒಣಬಿಸಿಲಿನ ದಿನ ನೋಡಿ ಅಂಟಿಸಿ, ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗೋಡೆಗೆ ತಾಗದಂತೆ ನೆಲದಿಂದ ಒಂದಡಿ ಮೇಲೆ ಇಡಿ.