ಮೂರು ಆಷಾಢ ಕಂಡ ಬಾಲ್ಸಾ ಗ್ಲೈಡರ್

ಹಾರಿಸಲು ಎಂಜಿನ್ ಇಲ್ಲ, ಮೋಟಾರೂ ಇಲ್ಲ. ಗುಡ್ಡದ ಮುಖಕ್ಕೆ ಬಡಿದ ಗಾಳಿ ಮೇಲಕ್ಕೆ ಏರುತ್ತದಲ್ಲ, ಅದನ್ನೇ ನಂಬಿ ಹಾರುವ, ನೆಲದ ಮೇಲೆ ನಿಂತು ರಿಮೋಟ್‌ನಲ್ಲಿ ನಡೆಸುವ ಪುಟ್ಟ ರೇಡಿಯೊ ಗ್ಲೈಡರ್ ಇದು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೀಟರ್, ಅಗಲ 150 ಮಿಲಿಮೀಟರ್. ಬಿಡಿಭಾಗಗಳ ಪೆಟ್ಟಿಗೆ ತರಿಸಿ ಮನೆಯಲ್ಲೇ ಕಟ್ಟಿದೆ. ಹೊಗಳುವುದಕ್ಕಿಂತ ಬೈಯುವುದೇ ತುಸು ಹೆಚ್ಚಿರುವುದರಿಂದ ತಯಾರಕರ ಹೆಸರು ಬೇಡ.

ಮೊದಲು ಮರದ ಮಾತು. ಬಾಲ್ಸಾ ಹೆಚ್ಚಾಗಿ ಬರುವುದು ಈಕ್ವೆಡಾರ್‌ನಿಂದ. ಎಲ್ಲ ಬಾಲ್ಸಾವೂ ಹಗುರ ಎಂದುಕೊಂಡರೆ ತಪ್ಪು. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗುವುದುಂಟು. ನನ್ನ ಪೆಟ್ಟಿಗೆಯಲ್ಲಿ ರೆಕ್ಕೆಯ ಪಕ್ಕೆಲುಬುಗಳಿಗೆ ಒಳ್ಳೆಯ ಹಗುರ ಮರವನ್ನೇ ಕೊಟ್ಟಿದ್ದರು. ಬಾಲಕ್ಕೆ ಮಾತ್ರ ಗಟ್ಟಿ ಹಾಳೆ. ಬಾಲ ಉದ್ದ, ಮೂತಿ ಗಿಡ್ಡ. ಹಿಂದೆ ಒಂದು ಗ್ರಾಂ ಹೆಚ್ಚಾದರೆ ಮುಂದೆ ಮೂರು ಗ್ರಾಂ ಸೀಸ ತುಂಬಬೇಕು. ಬೇರೆ ಹಾಳೆ ಕೊಂಡು ಬಾಲವನ್ನು ಹೊಸದಾಗಿ ಕತ್ತರಿಸಿಕೊಂಡೆ. ಲೇಸರ್‌ನಿಂದ ಕತ್ತರಿಸಿದ ಅಂಚುಗಳು ಸುಟ್ಟು ಕಪ್ಪಾಗಿರುತ್ತವೆ. ಅವನ್ನು ಮರಳುಕಾಗದದಲ್ಲಿ ಉಜ್ಜದೆ ಅಂಟು ಹಾಕಬೇಡಿ.

ದೊಡ್ಡ ದೂರು ನಕ್ಷೆಯ ಮೇಲೆ. ಬೆರಳ ಮೇಲಿಟ್ಟರೆ ಗ್ಲೈಡರ್ ಅತ್ತಿತ್ತ ವಾಲದೆ ನಿಲ್ಲಬೇಕಾದ ಜಾಗ, ಅಂದರೆ ಸಮತೋಲದ ಬಿಂದುವನ್ನು, ರೆಕ್ಕೆಯ ಮುಂದಿನ ಅಂಚಿನಿಂದ 60 ಮಿಲಿಮೀಟರ್ ಹಿಂದೆ ಗುರುತಿಸಿದ್ದರು. ನಂಬಿ ಹಾರಿಸಿದೆ. ಕೈಬಿಟ್ಟ ಕೂಡಲೇ ಮೂತಿ ಎತ್ತಿತು, ನಿಂತಿತು, ಮಗುಚಿ ಬಂಡೆಗೆ ಬಿತ್ತು. ಆಷಾಢದಲ್ಲಿ ಗಾಳಿಪಟ ಹಾರಿಸುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು: ಸೂತ್ರವನ್ನು ಬೆರಳಗಲ ಆಚೀಚೆ ಕಟ್ಟಿದರೆ ಪಟ ಲಾಗ ಹೊಡೆಯುತ್ತದೆ. ಗಾಳದ ಸೀಸದ ಗುಂಡುಗಳನ್ನು ಮೂತಿಗೆ ತುಂಬಿ ಬಿಂದುವನ್ನು 48ಕ್ಕೆ ತಂದೆ. ಅಂದಿನಿಂದ ಅದು ಸಾಧು ಪ್ರಾಣಿ. ತಯಾರಕರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ.

ಪಟ್ಟಿಗಳನ್ನು ತಿರುಗಿಸುವ ಎರಡು ಸಣ್ಣ ಸರ್ವೋ ಮೋಟಾರು, ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್, 4.8 ವೋಲ್ಟ್‌ನ ಬ್ಯಾಟರಿ ಎಲ್ಲ ಸೇರಿ ಇಡೀ ಗ್ಲೈಡರ್ ಈಗ 335 ಗ್ರಾಂ. ಒಂದು ಸರ್ವೋ ಐಲರಾನ್‌ಗಳಿಗೆ, ಅಂದರೆ ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗಳಿಗೆ; ಇನ್ನೊಂದು ಎಲಿವೇಟರ್‌ಗೆ, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿಗೆ. ಎಲೆಕ್ಟ್ರಾನಿಕ್ಸ್ ಮೂರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಹಾರಿಸುವುದು ಚಿತ್ರದುರ್ಗದ ಕಡೆ, ನೆಂಟರ ಹೊಲಕ್ಕೆ ಅಂಟಿದ ಬೋಳುಗುಡ್ಡದಲ್ಲಿ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಮುಂಗಾರಿನ ಗಾಳಿ ನೇರವಾಗಿ ಬಂದು ಬಡಿಯುತ್ತದೆ. ದೂರದ ಗಾಳಿಯಂತ್ರಗಳು ಎತ್ತ ಮುಖ ಮಾಡಿವೆ ಎಂದು ನೋಡಿದರೆ ದಿಕ್ಕು ತಿಳಿಯುತ್ತದೆ. ಗಂಟೆಗೆ 15 ಕಿಲೋಮೀಟರ್‌ಗಿಂತ ಕಡಿಮೆ ಗಾಳಿಯಲ್ಲಿ ಇದು ನಿಲ್ಲುವುದಿಲ್ಲ. ಇಳಿಜಾರಿನ ಕೆಳಗೆ ಹೋಗಿ ಹುಲ್ಲಿನಲ್ಲಿ ಹುಡುಕಬೇಕು. 20ರಿಂದ 30ರೊಳಗೆ ಬಲು ಸೊಗಸು. ಅದಕ್ಕಿಂತ ಜೋರಾದರೆ ರೆಕ್ಕೆಯ ಕೆಳಗೆ 90 ಗ್ರಾಂ ಸೀಸ ಇಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಸಾಗದೆ ಹಿಂದಕ್ಕೇ ಸರಿಯುತ್ತದೆ. ಗುಡ್ಡದ ನೆತ್ತಿ ದಾಟಿ ಹಿಂದಕ್ಕೆ ಹೋದರೆ ಅಲ್ಲಿ ಗಾಳಿ ಸುಳಿಸುಳಿಯಾಗಿ ಕೆಳಕ್ಕೆ ಒತ್ತುತ್ತದೆ. ಎರಡನೆಯ ವರ್ಷ ಮೂತಿ ಮುರಿದದ್ದು ಅಲ್ಲೇ, ತಪ್ಪು ಪೂರ್ತಿ ನನ್ನದು. ಒಂದು ಸಂಜೆ ಹದ್ದೊಂದು ಬಂದು ಪಕ್ಕದಲ್ಲೇ ಹತ್ತು ನಿಮಿಷ ತೇಲಿತು. ಅದು ರೆಕ್ಕೆ ಬಡಿಯಲಿಲ್ಲ, ನಾನೂ ರಿಮೋಟ್‌ನ ಕಡ್ಡಿಗಳನ್ನು ಹೆಚ್ಚು ಅಲುಗಿಸಲಿಲ್ಲ.

ಮಳೆಗಾಲದ ತೇವ ಬಾಲ್ಸಾಕ್ಕೆ ಆಗುವುದಿಲ್ಲ. ಪ್ರತಿವರ್ಷ ಎಡರೆಕ್ಕೆಯ ತುದಿ ಮೂರು ನಾಲ್ಕು ಮಿಲಿಮೀಟರ್ ತಿರುಚಿಕೊಳ್ಳುತ್ತದೆ, ನಿಧಾನವಾಗಿ ಹಾರುವಾಗ ಆ ಕಡೆಗೇ ವಾಲುತ್ತದೆ. ಬೇಸಿಗೆಯಲ್ಲಿ ಹೊದಿಕೆಯ ಪ್ಲಾಸ್ಟಿಕ್ ಹಾಳೆ ಸಡಿಲಾಗಿ ಸುಕ್ಕುಗಟ್ಟುತ್ತದೆ. ಎರಡಕ್ಕೂ ಮದ್ದು ಒಂದೇ. ಒಬ್ಬರು ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿಯಬೇಕು, ಇನ್ನೊಬ್ಬರು ಸಣ್ಣ ಉರಿಯ ಇಸ್ತ್ರಿ ಪೆಟ್ಟಿಗೆ ಆಡಿಸಬೇಕು, ಆರುವವರೆಗೆ ಬಿಡಬಾರದು. ಹಿಡಿಯುವವರು ಅಮ್ಮ. "ಇದಕ್ಕೆ ಮಾಡುವಷ್ಟು ಇಸ್ತ್ರಿಯನ್ನು ನಿನ್ನ ಅಂಗಿಗೆ ಮಾಡಿಕೊಂಡಿದ್ದರೆ ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣುತ್ತಿದ್ದೆ" ಎಂಬ ಮಾತು ಪ್ರತಿ ಜೂನ್‌ನಲ್ಲೂ ತಪ್ಪದೆ ಬರುತ್ತದೆ.

ಗೆಳೆಯನ ಬಳಿ ಫೋಮ್ ಗ್ಲೈಡರ್ ಇದೆ. ಬಿದ್ದರೆ ಚೆಂಡಿನಂತೆ ಪುಟಿಯುತ್ತದೆ, ಅಂಟು ಬೇಡ, ಇಸ್ತ್ರಿ ಬೇಡ. ಹಾರಿಸುವುದಷ್ಟೇ ಮುಖ್ಯ ಎನ್ನುವವರು ಅದನ್ನೇ ಕೊಳ್ಳಲಿ. ನನ್ನದು ಈವರೆಗೆ ನಾಲ್ಕು ಸಲ ಮುರಿದಿದೆ. ನಾಲ್ಕು ಸಲವೂ ಒಂದು ತುಂಡು ಬಾಲ್ಸಾ, ಬ್ಲೇಡು, ಗುಂಡುಸೂಜಿ, ಫೆವಿಕಾಲ್ ಹಿಡಿದು ರಾತ್ರಿ ಊಟದ ನಂತರ ಕೂತು ಸರಿಪಡಿಸಿದ್ದೇನೆ. ಆ ರಾತ್ರಿಗಳು ನನಗೆ ಹಾರಾಟದಷ್ಟೇ ಇಷ್ಟ, ಹೀಗಾಗಿ ಐದರಲ್ಲಿ ಮೂರೂವರೆ ಅಂಕ. ನಕ್ಷೆ ಸರಿಯಿದ್ದಿದ್ದರೆ ನಾಲ್ಕೂವರೆ.

ಬಿಡಿಭಾಗಗಳನ್ನು ತಯಾರಕರು ಪ್ರತ್ಯೇಕವಾಗಿ ಮಾರುವುದಿಲ್ಲ. ಪೆಟ್ಟಿಗೆ ತೆರೆದ ದಿನವೇ ಪ್ರತಿಯೊಂದು ಭಾಗವನ್ನೂ ಡ್ರಾಯಿಂಗ್ ಹಾಳೆಯ ಮೇಲಿಟ್ಟು ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ನಾನು ಮೂತಿಯ ಒಳಗಿನ ಒಂದು ಅಡ್ಡಪಟ್ಟಿಯನ್ನು ಮರೆತಿದ್ದೆ. ಆಮೇಲೆ ಕಣ್ಣಂದಾಜಿನಲ್ಲಿ ಕತ್ತರಿಸಿದೆ. ಬ್ಯಾಟರಿಯ ಮುಚ್ಚಳ ಈಗಲೂ ಸರಿಯಾಗಿ ಕೂರುವುದಿಲ್ಲ, ರಬ್ಬರ್ ಬ್ಯಾಂಡ್ ಸುತ್ತಿಯೇ ಹಾರಿಸುತ್ತೇನೆ.