ಸ್ಟ್ರೆಸ್ ತೋರಿಸುವ ವಾಚ್: ಎರಡೂವರೆ ವರ್ಷ ಕಟ್ಟಿಕೊಂಡ ಮೇಲೆ

ಸಣ್ಣಪುಟ್ಟದ್ದಕ್ಕೂ ತಲೆ ಕೆಡಿಸಿಕೊಳ್ಳುವ ಜಾತಿ ನಾನು. ಗ್ಯಾಸ್ ಆಫ್ ಮಾಡಿದ್ನಾ, ಮಗ ಬಸ್ ಹತ್ತಿದ್ನಾ, ಇಎಂಐಗೆ ಅಕೌಂಟಲ್ಲಿ ದುಡ್ಡಿದೆಯಾ. "ಟೆನ್ಷನ್ ಎಷ್ಟಿದೆ ಅಂತ ತೋರಿಸುತ್ತಕ್ಕಾ" ಎಂದು ತಮ್ಮ ಹೇಳಿದ್ದಕ್ಕೆ 3,200 ರೂಪಾಯಿ ಕೊಟ್ಟು ಈ ವಾಚ್ ತಗೊಂಡೆ. ಬ್ರ್ಯಾಂಡ್ ಹೆಸರು ಬೇಡ, ಬಿಡಿ.

ಮೊದಲ ತಿಂಗಳು ಬರೀ ನಂಬರ್ ನೋಡಿದ್ದೇ ಆಯ್ತು. ನೂರಕ್ಕೆ 70 ದಾಟಿದರೆ ಗಾಬರಿ. ಐದು ನಿಮಿಷ ಬಿಟ್ಟು ನೋಡಿದರೆ 78! ಅತ್ತೆ ಕೇಳಿಯೇ ಬಿಟ್ಟರು, "ಅದೇನಮ್ಮಾ, ಗಡಿಯಾರಾನೋ ತಾಯತಾನೋ?"

ಆಮೇಲೆ ಗೊತ್ತಾಯ್ತು, ಇದು ಚಿಂತೆಯನ್ನು ಅಳೆಯುವುದೇ ಇಲ್ಲ. ಅಡಿಯಲ್ಲಿರುವ ಹಸಿರು ಲೈಟ್ ನಾಡಿ ನೋಡುತ್ತದೆ, ಅಷ್ಟೇ. ಆರಾಮಾಗಿದ್ದಾಗ ಎರಡು ಬಡಿತಗಳ ನಡುವಿನ ಅಂತರ ಒಂಚೂರು ಹೆಚ್ಚುಕಡಿಮೆ ಆಗುತ್ತಿರುತ್ತದೆ. ಮೈ ಬಿಗಿಯಾದಾಗ ಒಂದೇ ಸಮ ಹೊಡೆಯುತ್ತದೆ, ಆಗ ನಂಬರ್ ಏರುತ್ತದೆ. ಮೆಟ್ಟಿಲು ಹತ್ತಿದರೂ ಏರುತ್ತದೆ, ಜ್ವರ ಬಂದರೂ ಏರುತ್ತದೆ. ಆದರೆ ಮಗನ ಸೆಕೆಂಡ್ ಪಿಯು ರಿಸಲ್ಟಿನ ಹಿಂದಿನ ರಾತ್ರಿ ಎರಡು ಗಂಟೆಗೆ ಫ್ಯಾನ್ ನೋಡುತ್ತಾ ಮಲಗಿದ್ದೆ, ಹೊಟ್ಟೆಯಲ್ಲಿ ಕಲಸಿದ ಹಾಗೆ. ವಾಚಿನಲ್ಲಿ 26, "ರಿಲ್ಯಾಕ್ಸ್ಡ್". ಬೆಳಿಗ್ಗೆ ನೋಡಿದರೆ ನಾನು ಹನ್ನೊಂದಕ್ಕೇ ನಿದ್ದೆ ಹೋಗಿದ್ದೆ ಅಂತೆ! ಅಲುಗಾಡದೆ ಮಲಗಿದ್ದನ್ನೇ ನಿದ್ದೆ ಅಂದುಕೊಂಡಿದೆ ಪಾಪ.

ಹಾಗಂತ ದುಡ್ಡು ದಂಡ ಎನ್ನಲಾರೆ. ಉಸಿರಾಟದ ಆಯ್ಕೆ ನಿಜಕ್ಕೂ ಚೆನ್ನಾಗಿದೆ. ಪರದೆಯಲ್ಲಿ ವೃತ್ತ ಹಿಗ್ಗುತ್ತದೆ, ಕುಗ್ಗುತ್ತದೆ, ಜೊತೆಗೆ ಮಣಿಕಟ್ಟಿನಲ್ಲಿ ಸಣ್ಣ ಕಂಪನ. ನಿಮಿಷಕ್ಕೆ ಆರೇ ಉಸಿರು. ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ಕೂಗಾಡಿ ಹೋದ ಮೇಲೆ ಮೇಜಿನ ಕೆಳಗೆ ಕೈ ಇಟ್ಟು ಎರಡು ನಿಮಿಷ ಮಾಡುತ್ತೇನೆ, ಪಕ್ಕದವರಿಗೂ ಗೊತ್ತಾಗಲ್ಲ. ಇನ್ನೊಂದು, ದಿನಾ ಸಂಜೆ ನಾಲ್ಕೂವರೆಗೆ ಗೆರೆ ಮೇಲೇರುತ್ತಿತ್ತು. ನೋಡಿದರೆ ಕ್ಯಾಂಟೀನಿನ ಮೂರನೇ ಕಾಫಿ. ಅದನ್ನು ಬಿಟ್ಟ ಮೇಲೆ ನಿದ್ದೆಯೂ ಸುಧಾರಿಸಿತು.

ಬ್ಯಾಟರಿ ಈಗ ಮೂರು ದಿನ ಬಂದರೆ ಹೆಚ್ಚು. ಜೊತೆಗೆ ಬಂದ ಬೆಲ್ಟ್ ಬೇಸಿಗೆಯಲ್ಲಿ ತುರಿಕೆ ತಂದಿತು, ಬಟ್ಟೆಯದ್ದು ಹಾಕಿಸಿದೆ.

ಕಳೆದ ವರ್ಷ ನಿದ್ದೆ ತೀರಾ ಕೆಟ್ಟಾಗ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಅಂದರೆ 14416ಕ್ಕೆ, ಫೋನ್ ಮಾಡಿದೆ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. "ಚಿಂತೆ ಮಾಡಬೇಡಿ ಅನ್ನಲ್ಲ, ಅದಕ್ಕೆ ಅಂತಲೇ ಒಂದು ಹೊತ್ತು ಇಟ್ಟುಕೊಳ್ಳಿ" ಅಂದರು. ಅವತ್ತೇ ವಾಚಿನ ಮುಖಪುಟದಿಂದ ಸ್ಟ್ರೆಸ್ ನಂಬರ್ ತೆಗೆದೆ. ಆರೂವರೆಗೆ ಅಲಾರಂ ಇಟ್ಟೆ. ಅಲ್ಲಿಂದ ಕಾಲು ಗಂಟೆ ಮಗನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುವುದು. ಹಗಲು ತಲೆಗೆ ಹತ್ತಿದ್ದಕ್ಕೆಲ್ಲ "ಆರೂವರೆಗೆ ಬಾ" ಎನ್ನುತ್ತೇನೆ. ಅರ್ಧಕ್ಕರ್ಧ ಆರೂವರೆಗೆ ನೆನಪೇ ಇರುವುದಿಲ್ಲ. ಗ್ಯಾಸ್ ಮಾತ್ರ ದಿನಾ ಬರುತ್ತದೆ.

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಅಲಾರಂಗೆ.